ಡೈರಿ ಅಕ್ಕನ ಬಲಗೈ

ಮೊದಲ ದಿನ ನಾನು ಆ ಮನೆಯ ಹೊಸ್ತಿಲು ದಾಟಿ ಚಾಪೆಯ ಮೇಲೆ ಇನ್ನೂ ಕುಳಿತೂ ಇರಲಿಲ್ಲ, ಡೈರಿ ಅಕ್ಕ ನನ್ನ ಮುಖ ನೋಡಿ "ಎಕ್ಕುಟ್ಟೋಗು" ಅಂದರು. ಹಾಳಾಗಿ ಹೋಗು ಎಂದು. ಮಾತು ಒಂದಿಷ್ಟೂ ತೊದಲಿರಲಿಲ್ಲ. ಎರಡು ತಿಂಗಳಿಂದ ತಮ್ಮ ಗಂಡನ ಹೆಸರನ್ನೂ ಹೇಳಲಾಗದ ಬಾಯಿಂದ ಆ ಒಂದು ಮಾತು ಮಾತ್ರ ನೆಟ್ಟಗೆ, ಕಲ್ಲು ಬೀಸಿದ ಹಾಗೆ ಬಂತು.

ಕೆ.ಆರ್.ಪೇಟೆಯಿಂದ ಶೀಳನೆರೆ ಕಡೆ ಹೋಗುವ ಬಸ್ಸಿನಿಂದ ಇಳಿದು ಹತ್ತು ನಿಮಿಷ ನಡೆದರೆ ಅವರ ಊರು. ಅಲ್ಲಿನ ಹೆಂಗಸರ ಹಾಲಿನ ಸಂಘಕ್ಕೆ ಅವರು ಬಹಳ ವರ್ಷ ಕಾರ್ಯದರ್ಶಿ. ಹಾಗಾಗಿ ಊರಿಗೆಲ್ಲ ಡೈರಿ ಅಕ್ಕ. ವಯಸ್ಸು ಐವತ್ತು ದಾಟಿತ್ತು. ಒಂದು ಬೆಳಿಗ್ಗೆ ಹಾಲು ಅಳೆಯುತ್ತಾ ನಿಂತಿದ್ದವರು ಹಾಗೇ ಬಲಕ್ಕೆ ವಾಲಿ ಕುಸಿದರು. ಮೆದುಳಿನ ಎಡಭಾಗದಲ್ಲಿ ರಕ್ತ ಕಟ್ಟಿತ್ತು. ಬಲಗೈ ಬಲಗಾಲು ಸೋತವು, ಮಾತು ಹೋಯಿತು. ಮೈಸೂರಿನ ಆಸ್ಪತ್ರೆಯಲ್ಲಿ ಕೆಲವು ವಾರ ಇದ್ದು ಮನೆಗೆ ಬಂದಾಗ ಅವರ ಬಾಯಲ್ಲಿ ಉಳಿದಿದ್ದದ್ದು ಒಂದರಿಂದ ಹತ್ತರವರೆಗಿನ ಎಣಿಕೆ ಮತ್ತು ನಾಲ್ಕೈದು ಬೈಗುಳ.

ನಾನು ಯೋಗ ಕಲಿಸುವವಳು. ಇರುವುದು ಪಾಂಡವಪುರದಲ್ಲಿ, ತರಗತಿ ನಡೆಸುವುದು ಕೆ.ಆರ್.ಪೇಟೆಯ ಒಂದು ಬಾಡಿಗೆ ಹಾಲ್‌ನಲ್ಲಿ. ಡಾಕ್ಟರೂ ಅಲ್ಲ, ಫಿಸಿಯೋಥೆರಪಿಸ್ಟೂ ಅಲ್ಲ. ಲಕ್ವ ಹೊಡೆದವರ ಜೊತೆ ನನ್ನಂಥವರು ಹೇಗೆ ಕೆಲಸ ಮಾಡಬೇಕು ಎಂದು ಒಂದು ತರಬೇತಿಗೆ ಹೋಗಿ ಬಂದಿದ್ದೆ. ಅಲ್ಲಿ ಕಲಿತದ್ದರ ಸಾರ ಇಷ್ಟೇ: ವೈದ್ಯರ ಕಾಗದವಿಲ್ಲದೆ ಮುಟ್ಟಬೇಡ, ಕಾಗದದಲ್ಲಿ ಇಲ್ಲದ್ದನ್ನು ಮಾಡಬೇಡ. ಕೇಳಲು ಎಷ್ಟು ಸುಲಭ.

ನನ್ನನ್ನು ಕರೆಸಿದ್ದು ಯಜಮಾನರು, ಡೈರಿ ಅಕ್ಕನ ಗಂಡ. ಕಬ್ಬು, ಭತ್ತ, ಆರು ಹಸು, ಊರಿನಲ್ಲಿ ಎತ್ತರದ ದನಿ. ಫೋನಿನಲ್ಲೇ ಅಪ್ಪಣೆ ಕೊಟ್ಟಿದ್ದರು. "ಮೇಡಮ್ಮೋರೆ, ಡಾಕ್ಟ್ರು ವರ್ಸ ಆಗ್ಬೋದು ಅಂತಾವ್ರೆ. ಅಷ್ಟ್ ದಿನ ಯಾರ್ ಕಾಯ್ತಾರೆ? ನೀವು ಒಂದ್ ತಿಂಗ್ಳಲ್ಲಿ ಎದ್ದು ನಿಲ್ಲುಸ್ಬುಡಿ."

ಆಗುವುದಿಲ್ಲ ಎಂದು ಆಗಲೇ ಖಡಾಖಂಡಿತವಾಗಿ ಹೇಳಬೇಕಿತ್ತು. ನಾನು "ನೋಡೋಣ" ಎಂದೆ. ಆ ಮಾತನ್ನು ಅವರು ಒಪ್ಪಿಗೆ ಎಂದು ಇಟ್ಟುಕೊಂಡರು.

ಮೊದಲ ದಿನ ಆಸ್ಪತ್ರೆಯ ಕಾಗದ ಕೇಳಿದೆ. ಡಾಕ್ಟರ ಒಪ್ಪಿಗೆ ಕೇಳಿದೆ. ಅವರನ್ನು ನೋಡುತ್ತಿರುವ ಫಿಸಿಯೋ ಯಾರು, ಅವರ ಜೊತೆ ಮಾತಾಡಬೇಕು ಎಂದೆ. ಯಜಮಾನರು ಜಗಲಿಯ ಮೇಲಿಂದ ಎದ್ದು ಬಂದರು.

"ಕಾಗ್ದ ತೋರ್ಸುದ್ರೇನೆ ನೀವು ಮುಟ್ಟದಾ? ಟೀವೀಲಿ ಬೆಳಗಾನ ತೋರುಸ್ತಾರೆ, ಉಸ್ರು ಎಳಿ, ಬುಡು, ಎಲ್ಲ ವಾಸಿ ಅಂತ. ಅವ್ರೇನ್ ಕಾಗ್ದ ಕೇಳ್ತಾರಾ?"

"ಅವರು ನಿಮ್ಮ ಮನೆಯವರನ್ನ ನೋಡಿಲ್ಲ ಯಜಮಾನ್ರೇ. ನಾನು ನೋಡ್ತಿದೀನಿ."

"ಅಂಗಾರೆ ನೋಡ್ಕಂಡು ಓಗಿ."

ಆ ದಿನ ಹಾಗೇ ಹಿಂದಿರುಗಿದೆ. ನಾಲ್ಕು ದಿನದ ಮೇಲೆ ಯಜಮಾನರ ನಂಬರಿನಿಂದ ಕಾಗದಗಳ ಫೋಟೋ ನನ್ನ ಫೋನಿಗೆ ಬಂತು. ಅದರ ಹಿಂದೆಯೇ ಫಿಸಿಯೋಥೆರಪಿಸ್ಟ್ ಕರೆ ಮಾಡಿದರು. ಪೇಟೆಯಿಂದ ವಾರಕ್ಕೊಮ್ಮೆ ಸ್ಕೂಟರಿನಲ್ಲಿ ಆ ಊರಿಗೆ ಹೋಗುತ್ತಿದ್ದ, ನನಗಿಂತ ಚಿಕ್ಕ ವಯಸ್ಸಿನ ಹೆಂಗಸು. ನಮಸ್ಕಾರ ಎಂದೂ ಅನ್ನಲಿಲ್ಲ.

"ನೀವೇನಾ ಯೋಗ ಟೀಚರ್ರು? ನಿಮ್ಮಂಥೋರೊಬ್ರು ನನ್ನ ಪೇಷಂಟ್ ಒಬ್ರ ಭುಜ ಎಳೆದು ಹಾಳು ಮಾಡಿದ್ರು. ನಾನು ತಿಂಗಳುಗಟ್ಟಲೆ ಮಾಡಿದ್ದ ಕೆಲಸ. ನನ್ನನ್ನ ಕೇಳಿದ್ರೆ ನೀವು ಬೇಡವೇ ಬೇಡ. ಡಾಕ್ಟ್ರು ಆಗಬಹುದು ಅಂದಿದಾರೆ, ಅದಕ್ಕೆ ಮಾತಾಡ್ತಿದೀನಿ. ಬರ್ಕೊಳ್ಳಿ."

ಬರೆದುಕೊಂಡೆ. ಕುರ್ಚಿಯಲ್ಲಿ ಕೂರಿಸಿಯೇ ಎಲ್ಲ, ಪಾದ ಎರಡೂ ನೆಲಕ್ಕೆ ಊರಿರಬೇಕು. ಶುರುವಿಗೆ ಮುಂಚೆ ಮತ್ತು ಮುಗಿದ ಮೇಲೆ ಬಿ.ಪಿ. ನೋಡಬೇಕು, ಅದೂ ಎಡಗೈಯಲ್ಲಿ. ಡಾಕ್ಟರು ಬರೆದುಕೊಟ್ಟ ಮಿತಿಗಿಂತ ಜಾಸ್ತಿ ಇದ್ದರೆ ಅವತ್ತು ಏನೂ ಇಲ್ಲ. ಉಸಿರು ಕಟ್ಟಿಸಬಾರದು, ರಭಸದ ಉಸಿರಾಟ ಬೇಡ. ತಲೆ ಕೆಳಗಾಗಿ ಬಗ್ಗಿಸುವುದು ಬೇಡ. ಅವರು ಎದುರಿಗಿಲ್ಲದೆ ಎಬ್ಬಿಸಿ ನಿಲ್ಲಿಸುವುದು ಬೇಡ. ಬಲಗೈಯನ್ನು ಯಾವಾಗಲೂ ದಿಂಬಿನ ಮೇಲೆ ಇರಿಸಬೇಕು. ಎಳೆಯಬಾರದು, ಭುಜದ ಮಟ್ಟಕ್ಕಿಂತ ಮೇಲೆ ಎತ್ತಬಾರದು. ಮಾತ್ರೆಯ ವಿಷಯಕ್ಕೆ ಬಾಯಿ ಹಾಕಬಾರದು. ಬಾಯಿ ಸೊಟ್ಟಗಾದರೆ, ಇರುವ ಮಾತೂ ತೊದಲಿದರೆ, ಎಡಗೈಯೂ ಸೋತರೆ, ಕಾಯದೆ ಆಸ್ಪತ್ರೆ.

"ಅನುಮಾನ ಬಂದ ಕಡೆ ನಿಲ್ಲಿಸಿ. ನಿಮ್ಮ ಧೈರ್ಯ ನನಗೆ ಬೇಡ," ಎಂದರು. ಆಮೇಲೆ ಒಂದು ಮಾತು ಸೇರಿಸಿದರು. "ಬೈತಾರೆ. ಬೇಕಂತ ಬೈಯೋದಲ್ಲ. ಮೆದುಳಲ್ಲಿ ಉಳ್ಕೊಂಡಿರೋ ಮಾತು ಅಷ್ಟೇ. ಹಚ್ಕೋಬೇಡಿ."

ಅವರು ಅಂದಿದ್ದರಲ್ಲಿ ನನಗೆ ಹಿತವೆನಿಸಿದ್ದು ಅದೊಂದೇ ಮಾತು.

ವಾರಕ್ಕೆ ಮೂರು ದಿನ, ಹಸುಗಳ ಕೆಲಸ ಮುಗಿದ ಮೇಲೆ, ಹತ್ತು ಗಂಟೆಗೆ ಹೋಗುತ್ತಿದ್ದೆ. ಬಿ.ಪಿ. ಯಂತ್ರ ಕಟ್ಟಿ, ನೋಟ್‌ಬುಕ್ಕಿನಲ್ಲಿ ಬರೆದು, ಬಲಗೈಯ ಕೆಳಗೆ ದಿಂಬು ಜೋಡಿಸಿ, ಎದುರಿಗೆ ಕೂರುತ್ತಿದ್ದೆ. ಉಸಿರು ಒಳಗೆ ತೆಗೆದುಕೊಳ್ಳುವಾಗ ಎರಡು ಎಣಿಕೆ, ಬಿಡುವಾಗ ನಾಲ್ಕು. ಎಣಿಕೆ ಅವರಿಗೆ ಬರುತ್ತಿತ್ತು. ಒಂದು ಎಂದು ನಾನು ಹಿಡಿದುಕೊಟ್ಟರೆ ಎರಡು, ಮೂರು, ನಾಲ್ಕು ತಾವಾಗಿ ಉರುಳುತ್ತಿದ್ದವು. ಆಮೇಲೆ ಕತ್ತು ನಿಧಾನ ಎಡಕ್ಕೆ, ಬಲಕ್ಕೆ. ಪಾದ ಒತ್ತುವುದು, ಸಡಿಲ ಬಿಡುವುದು. ಇಪ್ಪತ್ತು ನಿಮಿಷಕ್ಕೇ ಅವರು ಸುಸ್ತಾಗಿ ಕಣ್ಣು ಮುಚ್ಚುತ್ತಿದ್ದರು. ನಾನು ಅಲ್ಲಿಗೆ ನಿಲ್ಲಿಸುತ್ತಿದ್ದೆ. ನಡುವೆ ಹತ್ತು ಸಲ ಬೈಸಿಕೊಳ್ಳುತ್ತಿದ್ದೆ.

ಯಜಮಾನರು ಜಗಲಿಯಲ್ಲಿ ಕುಳಿತು ಎಲ್ಲವನ್ನೂ ನೋಡುತ್ತಿದ್ದರು. "ಉಸ್ರಾಡ್ಸಕೆ ನೀವ್ಯಾಕ್ ಬೇಕು ಮೇಡಮ್ಮೋರೆ? ಉಸ್ರು ಅವ್ಳೇ ಆಡ್ತಾವ್ಳಲ್ಲ," ಎಂದು ದಾರಿಯಲ್ಲಿ ಹೋಗುವವರಿಗೆ ಕೇಳುವ ಹಾಗೆ ಅನ್ನುತ್ತಿದ್ದರು. ಮನೆಯಲ್ಲಿ ಅವರ ಅಕ್ಕನೂ ಇದ್ದರು, ಗಂಡ ತೀರಿಕೊಂಡ ಮೇಲೆ ತಮ್ಮನ ಮನೆ ಸೇರಿದವರು. ಡೈರಿ ಅಕ್ಕನ ಸ್ನಾನ, ಊಟ, ಬಟ್ಟೆ ಎಲ್ಲ ಆ ಹಿರಿಯ ಹೆಂಗಸಿನದೇ. ಅವರಿಗೆ ನನ್ನ ಮೇಲೆ ಬೇರೆ ಸಿಟ್ಟು. "ಎಣ್ಣೆ ತಿಕ್ಕುದ್ರೆ ನರ ಸಡ್ಲ ಆಯ್ತದೆ. ಈ ಟೀಚರಮ್ಮ ಮುಟ್ಟದೇ ಇಲ್ಲ, ಮೈಲಿಗೆ ಅನ್ನಂಗೆ ದೂರ ಕುಂತ್ಕತದೆ," ಎಂದು ನನಗೆ ಕೇಳುವಂತೆಯೇ ಹೇಳುತ್ತಿದ್ದರು. ನನ್ನ ತವರು ಶ್ರೀರಂಗಪಟ್ಟಣ, ಅಪ್ಪ ದೇವಸ್ಥಾನದ ಕೆಲಸದಲ್ಲಿದ್ದವರು ಎನ್ನುವುದನ್ನು ಅವರು ಎಲ್ಲಿಂದಲೋ ತಿಳಿದುಕೊಂಡಿದ್ದರು. ಆ ಮಾತು ಚುಚ್ಚಿತು. ಚುಚ್ಚಬಾರದಿತ್ತು.

ಮೂರನೆಯ ವಾರ, ಒಂದು ಬುಧವಾರ. ನಾನು ಹೋದಾಗ ಜಗಲಿಯಲ್ಲಿ ಯಜಮಾನರ ಜೊತೆ ಊರಿನ ಇಬ್ಬರು ಗಂಡಸರು ಕುಳಿತಿದ್ದರು. ಯಜಮಾನರು ಅವರಿಗೆ ನನ್ನನ್ನು ತೋರಿಸಿದರು.

"ಇವ್ರೇ ಕಣಪ್ಪ. ಮೂರ್ ವಾರದಿಂದ ಬಸ್ಸಲ್ ಬತ್ತಾವ್ರೆ, ಬಸ್ಸಲ್ ಓಯ್ತಾವ್ರೆ. ಕೈ ಮಾತ್ರ ಇದ್ದಲ್ಲೇ ಅದೆ. ಏನ್ ಮೇಡಮ್ಮೋರೆ, ಇವತ್ತಾರ ಒಂಚೂರು ಎತ್ಸಿ, ಇವ್ರೂ ನೋಡ್ಲಿ."

ಅವರಲ್ಲೊಬ್ಬರು ನಕ್ಕರು. ಒಳಗೆ ಹಿರಿಯ ಹೆಂಗಸೂ ನಕ್ಕರು.

ಮುಂದೆ ನಡೆದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಡೈರಿ ಅಕ್ಕನ ಬಲ ಮೊಣಕೈಯನ್ನು ಒಂದು ಕೈಯಲ್ಲಿ, ಮಣಿಕಟ್ಟನ್ನು ಇನ್ನೊಂದು ಕೈಯಲ್ಲಿ ಹಿಡಿದೆ. ದಿಂಬಿನಿಂದ ಎತ್ತಿದೆ. ಎದೆಯ ಮಟ್ಟ, ಭುಜದ ಮಟ್ಟ. ಅಲ್ಲಿ ನಿಲ್ಲಬೇಕಿತ್ತು. ಬರೆದುಕೊಂಡಿದ್ದೆ, ನೋಟ್‌ಬುಕ್ಕು ಪಕ್ಕದಲ್ಲೇ ತೆರೆದಿತ್ತು. "ಎಕ್ಕುಟ್ಟೋಗು," ಎಂದರು ಡೈರಿ ಅಕ್ಕ. ದಿನಾ ಅನ್ನುವುದೇ, ಹಚ್ಚಿಕೊಳ್ಳಬಾರದು ಎಂದು ಇನ್ನೂ ಮೇಲೆ ಎತ್ತಿದೆ. "ಮುಂಡೇದೆ, ಎಕ್ಕುಟ್ಟೋಗು," ಎಂದರು ಮತ್ತೆ. ಕಣ್ಣಲ್ಲಿ ನೀರು ಬಂತು. ಲಕ್ವ ಹೊಡೆದವರಿಗೆ ಕಾರಣವಿಲ್ಲದೆ ಅಳು ಬರುವುದುಂಟು ಎಂದು ತರಬೇತಿಯಲ್ಲಿ ಹೇಳಿದ್ದರು. ಅದನ್ನೂ ನೆನಪು ಮಾಡಿಕೊಂಡೆ. ಕೈ ತಲೆಯ ಮೇಲೆ ಬಂತು. ಆಗ ನನ್ನ ಬೆರಳಿನ ಕೆಳಗೆ, ಭುಜದೊಳಗೆ, ಏನೋ ಸಣ್ಣದಾಗಿ ಜಾರಿದ ಹಾಗಾಯಿತು.

"ನೋಡ್ದಾ, ಬಂತು!" ಎಂದು ಯಜಮಾನರು ತೊಡೆ ತಟ್ಟಿದರು.

ನಾನು ಕೈಯನ್ನು ಮೆಲ್ಲಗೆ ಇಳಿಸಿ ದಿಂಬಿನ ಮೇಲಿಟ್ಟೆ. ಬಿ.ಪಿ. ನೋಡಿದೆ, ಬರೆದೆ. ಕೈ ಎತ್ತಿದ್ದನ್ನು ಬರೆಯಲಿಲ್ಲ.

ಶುಕ್ರವಾರ ಹೋಗುವಷ್ಟರಲ್ಲಿ ಭುಜ ಊದಿತ್ತು. ಹತ್ತಿರ ಹೋದರೆ ಡೈರಿ ಅಕ್ಕ ಎಡಗೈಯಿಂದ ನನ್ನನ್ನು ತಳ್ಳಿದರು. ಎರಡು ದಿನದಿಂದ ಸರಿಯಾಗಿ ತಿಂದಿಲ್ಲ, ಮಲಗಿಲ್ಲ ಎಂದರು ಹಿರಿಯ ಹೆಂಗಸು. ಆಮೇಲೆ ತಾವೇ, "ಮಲ್ಗಿದ್ದಾಗ ಮಗ್ಗುಲು ಒತ್ತಿರ್ಬೇಕು," ಎಂದರು.

ನಾನು ತಲೆಯಾಡಿಸಿದೆ. ಹೌದು, ಇರಬಹುದು ಎನ್ನುವ ಹಾಗೆ. ಈಗಲೂ ಆ ತಲೆಯಾಡಿಕೆ ನೆನಪಾದರೆ ಮೈ ಬಿಸಿಯಾಗುತ್ತದೆ. ಕೈ ಎತ್ತಿದ್ದು ಅವಮಾನದ ಭರದಲ್ಲಿ. ಇದು ತಣ್ಣಗೆ ಯೋಚಿಸಿ ಮಾಡಿದ್ದು.

ಪಾಂಡವಪುರದ ಬಸ್ಸು ಹತ್ತಿದೆ. ಚಿನಕುರಳಿಯ ಹತ್ತಿರ ಬರುವವರೆಗೆ ನನಗೆ ನಾನೇ ಕಾರಣಗಳನ್ನು ಹೇಳಿಕೊಳ್ಳುತ್ತಿದ್ದೆ. ವಾರದಲ್ಲಿ ಇಳಿದೀತು. ಫಿಸಿಯೋ ಬಂದು ನೋಡಿಕೊಂಡಾರು. ಆದರೆ ಅವರು ಮಂಗಳವಾರ ಬರುತ್ತಾರೆ. ಅಷ್ಟರೊಳಗೆ ಮಗ್ಗುಲು ಒತ್ತಿದೆ ಎಂದುಕೊಂಡು ಇವರು ಎಣ್ಣೆ ಹಾಕಿ ಅದೇ ಭುಜವನ್ನು ತಿಕ್ಕುತ್ತಾರೆ. ಅದು ಹೊಳೆದದ್ದೇ ಬಸ್ಸಿಳಿದೆ. ರಸ್ತೆಯ ಬದಿಯಲ್ಲಿ ನಿಂತು ಫಿಸಿಯೋಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ.

ಭುಜವನ್ನು ಯಾರೂ ತಿಕ್ಕಬಾರದು ಎಂದು ಆ ಮನೆಗೆ ಈಗಲೇ ಹೇಳುತ್ತೇನೆ ಎಂದರು. ಆಮೇಲೆ, "ನಾಳೆ ಹನ್ನೊಂದಕ್ಕೆ ಅಲ್ಲಿರಿ," ಎಂದರು.

ಮರುದಿನ ಅವರು ಭುಜವನ್ನು ಪರೀಕ್ಷಿಸಿದರು. ಸೋತ ಕೈಯಲ್ಲಿ ಸ್ನಾಯು ಹಿಡಿತ ಬಿಟ್ಟಿರುತ್ತದೆ, ಕೈಯ ಭಾರಕ್ಕೇ ಕೀಲು ಜಾರುತ್ತದೆ, ಅದನ್ನು ಮೇಲೆ ಎಳೆದದ್ದರಿಂದ ಒಳಗೆ ಪೆಟ್ಟಾಗಿದೆ ಎಂದು ನನಗಲ್ಲ, ಗೋಡೆಗೆ ಹೇಳುವ ಹಾಗೆ ಹೇಳಿದರು. ಮುರಿದಿಲ್ಲ, ಆದರೆ ಡಾಕ್ಟರಿಗೆ ತೋರಿಸಬೇಕು, ವಾರಗಟ್ಟಲೆ ನೋವಿರುತ್ತದೆ ಎಂದರು. ಯಜಮಾನರ ಮುಂದೆ ನಾನು ನಿಂತೆ.

"ಮಗ್ಗುಲು ಒತ್ತಿದ್ದಲ್ಲ ಯಜಮಾನ್ರೇ. ಬುಧವಾರ ಕೈ ಎತ್ತಿಸಬಾರದಿತ್ತು. ಎತ್ತಿಸಿದೆ. ತಪ್ಪು ನನ್ನದು."

ಅವರ ಬಾಯಿಂದ ಬಂದದ್ದನ್ನೆಲ್ಲ ಬರೆಯಲಾರೆ. "ನಮ್ ಮನೆ ಎಂಗ್ಸನ್ನ ಕುಂಟಿ ಮಾಡಕ್ಕೆ ಬಂದ್ಯಾ?" ಎನ್ನುವುದು ಅದರಲ್ಲಿ ಮೆತ್ತನೆಯದು. ಎತ್ತಿಸಿ ಎಂದು ಒತ್ತಾಯಿಸಿದ್ದು ನೀವೇ ಎಂದು ಬಾಯಿ ತುದಿಗೆ ಬಂದಿತ್ತು. ನುಂಗಿದೆ. ನಿಯಮ ಬರೆದುಕೊಂಡವಳು ನಾನು, ಅವರಲ್ಲ.

ಫಿಸಿಯೋ ನನ್ನ ಕಡೆ ತಿರುಗಿದರು. "ಅವರು ಬೈದ್ರಾ, ಎತ್ತುವಾಗ?"

"ಎರಡು ಸಲ."

"ನಿಲ್ಲಿಸಿದ್ರಾ?"

"ನೀವೇ ಹೇಳಿದ್ರಲ್ಲ, ಬೇಕಂತ ಬೈಯಲ್ಲ ಅಂತ..."

"ಬೇಕಂತ ಬೈಯಲ್ಲ ಅಂದೆ. ನೋವಾಗಲ್ಲ ಅಂದ್ನಾ? ಇರೋದು ನಾಲ್ಕು ಮಾತು. ನೋವಾದ್ರೆ ಇನ್ಯಾವುದನ್ನ ಆಡಬೇಕು ಅವರು?"

ಚೀಲ ತೆಗೆದುಕೊಂಡು ಹೊರಟೆ. ಫಿಸಿಯೋ ತಡೆದರು, ದಯೆಯಿಂದಲ್ಲ. "ನಾನು ಬರೋದು ವಾರಕ್ಕೊಂದು ಸಲ. ಮಧ್ಯೆ ಯಾರಾದ್ರೂ ಕೂರಿಸಿ ಮಾಡಿಸಬೇಕು. ತಪ್ಪು ಮಾಡಿ ಹೇಳೋರನ್ನ ನಾನು ಕಣ್ಣಿಟ್ಟು ಕಾಯಬಹುದು. ಮುಚ್ಚಿಡೋರನ್ನ ಆಗಲ್ಲ. ಆದ್ರೆ ನೀವಿರಬೇಕು ಅನ್ನೋದು ನಾನು ಹೇಳಬೇಕಾದ್ದಲ್ಲ." ಡೈರಿ ಅಕ್ಕನ ಎದುರು ಮಂಡಿಯೂರಿ ಕೂತರು. "ಅಕ್ಕ, ಇವರು ಇನ್ನೂ ಬರಬೇಕಾ, ಬೇಡ್ವಾ?"

ಆವರೆಗೆ ಯಾರೂ ಆ ಪ್ರಶ್ನೆಯನ್ನು ಅವರಿಗೆ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

"ಬ್ಯಾಡ ಅಂತಾಳೆ, ಇನ್ನೇನಂದಾಳು?" ಎಂದರು ಯಜಮಾನರು.

ಡೈರಿ ಅಕ್ಕ ಎಡ ಅಂಗೈಯನ್ನು ಎತ್ತಿ ಗಂಡನ ಕಡೆ ಹಿಡಿದರು. ಬಾಯಿ ಮುಚ್ಚು ಎನ್ನುವುದು ಅಷ್ಟು ಸ್ಪಷ್ಟವಾಗಿತ್ತು, ಯಜಮಾನರು ಮುಚ್ಚಿದರು. ಆಮೇಲೆ ಆಕೆ ನನ್ನನ್ನು ಬಹಳ ಹೊತ್ತು ನೋಡಿದರು. ಪ್ರೀತಿಯಿಂದ ನೋಡಿದರು ಎಂದರೆ ಸುಳ್ಳಾಗುತ್ತದೆ. ಹಾಲಿಗೆ ನೀರು ಬೆರೆಸಿ ತಂದವರನ್ನು ಡೈರಿಯಲ್ಲಿ ಹೇಗೆ ನೋಡುತ್ತಿದ್ದರೋ ಹಾಗೆ. ಕೊನೆಗೆ ಬೆರಳು ಚಾಚಿ ಎದುರಿನ ಚಾಪೆಯನ್ನು ತೋರಿಸಿದರು. ಕೂತುಕೋ.

ಅವತ್ತೇ ಫಿಸಿಯೋ ಗೊತ್ತು ಮಾಡಿದರು: ಆ ಅಂಗೈ ಎತ್ತಿದರೆ ನಾನು ನಿಲ್ಲಿಸಬೇಕು. ಯಾಕೆ ಎಂದು ಕೇಳಬಾರದು, ಇನ್ನೊಂದೇ ಒಂದು ಸಲ ಎನ್ನಬಾರದು.

ಮುಂದಿನ ಸೋಮವಾರ ಬಿ.ಪಿ. ನೋಡಿ ಎದುರಿಗೆ ಕುಳಿತೆ. "ಒಂದು," ಎಂದೆ. ಅಂಗೈ ಎದ್ದಿತು. ನಿಲ್ಲಿಸಿದೆ. ಕಾದೆ. ಅಂಗೈ ಇಳಿಯಿತು. "ಒಂದು," ಎಂದೆ. ಮತ್ತೆ ಅಂಗೈ. ಇಪ್ಪತ್ತು ನಿಮಿಷ ಇದೇ ಆಯಿತು. ಬುಧವಾರವೂ ಇದೇ. ಅವರು ನನ್ನನ್ನು ಪರೀಕ್ಷಿಸುತ್ತಿದ್ದಾರೆ ಎಂದು ಗೊತ್ತಾಗಿತ್ತು, ಆದರೂ ಸಿಟ್ಟು ಬರುತ್ತಿತ್ತು.

"ಇದ್ಯಾವ್ ಸೀಮೆ ಯೋಗ? ಬಂದು ಮಕ ಮಕ ನೋಡ್ಕಂಡು ಓಗದು," ಎಂದರು ಯಜಮಾನರು. ಆ ಎರಡು ದಿನದ ಮಟ್ಟಿಗೆ ಅವರ ಮಾತು ನಿಜವೇ.

ಶುಕ್ರವಾರ "ಒಂದು" ಎಂದಾಗ ಡೈರಿ ಅಕ್ಕ ತಮ್ಮಷ್ಟಕ್ಕೆ, "ಎರಡು," ಎಂದರು.

ಅಲ್ಲಿಂದ ಕೆಲಸ ಶುರುವಾಯಿತು. ಭುಜದ ನೋವು ಇಳಿದ ಮೇಲೆ ಫಿಸಿಯೋ ಹೇಳಿಕೊಟ್ಟ ಹಾಗೆ ಮೇಜಿನ ಮೇಲೆ ಒಂದು ಟವೆಲ್ ಹಾಸಿ, ಬಲಗೈಯ ಮೇಲೆ ಅವರದೇ ಎಡಗೈ ಇಡಿಸಿ, ಟವೆಲನ್ನು ಮುಂದಕ್ಕೆ ಸರಿಸುವುದು, ಹಿಂದಕ್ಕೆ ಎಳೆದುಕೊಳ್ಳುವುದು. ನಾನು ಮುಟ್ಟುತ್ತಿರಲಿಲ್ಲ. ಎಲ್ಲಿಯವರೆಗೆ ಎನ್ನುವುದು ಅವರ ತೀರ್ಮಾನ. ನೋಟ್‌ಬುಕ್ಕಿನಲ್ಲಿ ಬಿ.ಪಿ.ಯ ಪಕ್ಕ ಇನ್ನೊಂದು ಸಾಲು ಸೇರಿಸಿದೆ: ಅಂಗೈ ಎಷ್ಟು ಸಲ ಎದ್ದಿತು, ಯಾವಾಗ. ಪ್ರತಿ ಮಂಗಳವಾರ ಫಿಸಿಯೋ ಅದನ್ನು ಓದಿ ಏನೂ ಹೇಳದೆ ಮುಚ್ಚಿಡುತ್ತಿದ್ದರು. ಬೈಗುಳಗಳೂ ನನಗೆ ಬೇರೆ ಬೇರೆಯಾಗಿ ಕೇಳತೊಡಗಿದವು. ಬೇಸರಕ್ಕೆ ಒಂದು ದನಿ, ದಣಿವಿಗೆ ಒಂದು, ಗಂಡ ಜಗಲಿಯಿಂದ ಕೂಗಿದಾಗ ಇನ್ನೊಂದು.

ಹೀಗೆ ತಿಂಗಳ ಮೇಲಾಯಿತು. ಆಮೇಲೆ ಡೈರಿ ಅಕ್ಕನಿಗೆ ಜ್ವರ ಬಂತು. ಒಂದು ವಾರ ಬರಬೇಡಿ ಎಂದು ಮನೆಯವರು ತಿಳಿಸಿದರು. ಆ ವಾರವೆಲ್ಲ ಅವರು ಮಂಚ ಬಿಟ್ಟು ಎದ್ದಿರಲಿಲ್ಲ. ಎದ್ದು ಕೂತಿದ್ದಾರೆ, ಬನ್ನಿ ಎಂದು ಫೋನ್ ಬಂದ ಮೇಲೆ ಹೋದೆ.

ಹೋದಾಗ ಹಿರಿಯ ಹೆಂಗಸು ಮಂಚದ ತುದಿಯಲ್ಲಿ ಕುಳಿತು ಡೈರಿ ಅಕ್ಕನ ಬಲಗಾಲನ್ನು ತೊಡೆಯ ಮೇಲೆ ಇರಿಸಿಕೊಂಡಿದ್ದರು. ಪಕ್ಕದಲ್ಲಿ ಬಿಸಿ ಹರಳೆಣ್ಣೆಯ ಬಟ್ಟಲು. ಎರಡೂ ಹೆಬ್ಬೆಟ್ಟಿನಿಂದ ಮೀನಖಂಡವನ್ನು ಕೆಳಗಿನಿಂದ ಮೇಲಕ್ಕೆ ಒತ್ತಿ ತಿಕ್ಕುತ್ತಿದ್ದರು. ಡೈರಿ ಅಕ್ಕನ ಎಡ ಅಂಗೈ ಎತ್ತಿದ್ದು ಎತ್ತಿದ ಹಾಗೇ ಇತ್ತು.

"ಅಮ್ಮ, ನಿಲ್ಲಿಸಿ. ಕೈ ತೋರಿಸ್ತಿದಾರೆ."

"ಇವ್ಳು ಎಲ್ಲಕ್ಕೂ ಕೈ ತೋರುಸ್ತಾಳೆ ಕಣವ್ವ. ಅನ್ನ ಉಣ್ಣಕ್ಕೂ ತೋರುಸ್ತಾಳೆ. ಕಾಲು ಬಾವು ಬಂದದೆ, ತಿಕ್ಕುದ್ರೆ ಇಳ್ದೋಯ್ತದೆ."

ಬಾವು. ನಾನು ಹತ್ತಿರ ಹೋಗಿ ಎರಡೂ ಕಾಲನ್ನು ಅಕ್ಕಪಕ್ಕ ನೋಡಿದೆ. ಬಲ ಮೀನಖಂಡ ಎಡದ್ದಕ್ಕಿಂತ ಎದ್ದು ಕಾಣುವಷ್ಟು ದಪ್ಪವಾಗಿತ್ತು. ಚರ್ಮ ಬಿಗಿದು ಹೊಳೆಯುತ್ತಿತ್ತು, ಎಣ್ಣೆಯಿಂದ ಮಾತ್ರ ಅಲ್ಲ. ಅಂಗೈಯ ಹಿಂಭಾಗವನ್ನು ಹಗುರವಾಗಿ ತಾಗಿಸಿದೆ. ಎಡಗಾಲು ತಣ್ಣಗಿತ್ತು, ಬಲಗಾಲು ಬಿಸಿ. ತರಬೇತಿಯಲ್ಲಿ ಇದನ್ನು ಹೇಳಿದ್ದರು: ಬಹಳ ದಿನ ಮಲಗಿದವರ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ತಿಕ್ಕಿದರೆ, ನಡೆಸಿದರೆ, ಆ ಗಡ್ಡೆ ಕಿತ್ತು ಶ್ವಾಸಕೋಶಕ್ಕೆ ಹೋಗಬಹುದು. ಹೋದರೆ ಉಳಿಯುವುದು ಕಷ್ಟ.

ಎಣ್ಣೆಯ ಬಟ್ಟಲನ್ನು ಎತ್ತಿ ಕಿಟಕಿಯ ಮೇಲಿಟ್ಟೆ. ಕಾಲನ್ನು ಹಿರಿಯ ಹೆಂಗಸಿನ ತೊಡೆಯಿಂದ ಮೆಲ್ಲಗೆ ಬಿಡಿಸಿ ಹಾಸಿಗೆಯ ಮೇಲೆ ಇರಿಸಿ, ಅವರಿಬ್ಬರ ನಡುವೆ ಕುಳಿತೆ.

"ಇದನ್ನ ತಿಕ್ಕಬಾರದು ಅಮ್ಮ. ಇವರು ಎದ್ದು ನಡೆಯಲೂ ಬಾರದು. ಈಗಲೇ ಆಸ್ಪತ್ರೆಗೆ ಹೋಗಬೇಕು."

ಹಿರಿಯ ಹೆಂಗಸು ಕಿರುಚಿಕೊಂಡ ದನಿಗೆ ಯಜಮಾನರು ಕೊಟ್ಟಿಗೆಯಿಂದ ಓಡಿ ಬಂದರು. ವಿಷಯ ಕೇಳಿ ಅವರ ಮುಖ ಕೆಂಪಾಯಿತು.

"ಏನಾಗದೆ ಅಂತ ಏಳಮ್ಮ ಮದ್ಲು."

"ನನಗೆ ಗೊತ್ತಿಲ್ಲ. ಹೇಳೋಕೆ ನಾನು ಡಾಕ್ಟರಲ್ಲ."

"ಗೊತ್ತಿಲ್ದೆ ಎಂಗ್ ಏಳ್ತೀಯ ಮತ್ತೆ?"

"ಏನು ಅಂತ ಗೊತ್ತಿಲ್ಲ. ತಿಕ್ಕಬಾರದು ಅಂತ ಗೊತ್ತು. ತಡ ಮಾಡಬಾರದು ಅಂತ ಗೊತ್ತು."

"ಕೈ ಕೆಡ್ಸಿದೋಳು ನೀನು. ಈಗ ಕಾಲು ಮುಟ್ಬ್ಯಾಡಿ ಅಂತ ನಮ್ಗೆ ಬುದ್ದಿ ಏಳಕ್ ಬಂದ್ಯಾ? ಏಳು ಮ್ಯಾಕೆ."

ನಾನು ಏಳಲಿಲ್ಲ. ಅವರು ನನ್ನ ತೋಳು ಹಿಡಿದರು. ಬಿಗಿಯಾಗಿಯೇ ಹಿಡಿದರು, ಎರಡು ದಿನ ಬೆರಳಿನ ಗುರುತಿತ್ತು. ನನಗೆ ಹೆದರಿಕೆಯಾಯಿತು. ಒಂದು ಕೈಯಿಂದ ಮಂಚದ ಚೌಕಟ್ಟು ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಫಿಸಿಯೋಗೆ ಫೋನ್ ಮಾಡಿ ಎಲ್ಲರಿಗೂ ಕೇಳುವ ಹಾಗೆ ಇಟ್ಟೆ. ಬಲ ಮೀನಖಂಡ ಊದಿದೆ, ಬಿಸಿಯಿದೆ, ನೋವಿದೆ, ಒಂದು ವಾರ ಮಲಗಿದ್ದರು, ಈಗ ತಿಕ್ಕಿದ್ದಾರೆ ಎಂದಷ್ಟೇ ಹೇಳಿದೆ.

"ಉಸಿರು ಹೇಗಿದೆ? ಎದೆ ನೋವು?"

ಡೈರಿ ಅಕ್ಕನ ಕಡೆ ನೋಡಿದೆ. ಅವರು ತಲೆ ಅಡ್ಡಡ್ಡ ಆಡಿಸಿದರು. "ಇಲ್ಲ ಅಂತಿದಾರೆ. ಉಸಿರು ಸರಿಯಾಗೇ ಇದೆ."

"ಯಜಮಾನ್ರೇ, ಕೇಳಿಸ್ತಾ ಇದೆಯಾ?" ಎಂದರು ಫಿಸಿಯೋ. "ಅವರನ್ನ ನಡೆಸಬೇಡಿ. ಮಲಗಿಸಿದ ಹಾಗೇ ಎತ್ತಿ ಗಾಡಿಗೆ ಹಾಕಿ. ಮೈಸೂರಿಗೆ ಹೊರಡಿ, ನಾನು ಅಲ್ಲಿಗೆ ತಿಳಿಸ್ತೀನಿ. ಜಗಳ ಆಮೇಲೆ ಆಡಿ."

ಯಜಮಾನರು ನನ್ನ ತೋಳು ಬಿಟ್ಟರು. ಪಕ್ಕದ ಮನೆಯವರ ವ್ಯಾನು ಬಂತು. ಹಾಸಿಗೆಯ ಸಮೇತ ನಾಲ್ವರು ಎತ್ತಿ ಮಲಗಿಸಿದರು. ನಾನು ಹತ್ತಲು ಹೋದಾಗ ಯಜಮಾನರು ಬಾಗಿಲು ಎಳೆದುಕೊಂಡರು. "ನೀನ್ ಬ್ಯಾಡ." ವ್ಯಾನು ಹೋಯಿತು. ಹಿರಿಯ ಹೆಂಗಸು ಜಗಲಿಯಲ್ಲಿ ಕುಳಿತು, ಎಣ್ಣೆ ಮೆತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ, ನನ್ನ ಕಡೆ ನೋಡಲೇ ಇಲ್ಲ.

ಸಂಜೆ ಫಿಸಿಯೋ ಕರೆ ಮಾಡಿದರು. "ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದೆ. ಔಷಧಿ ಶುರು ಮಾಡಿದಾರೆ. ಶ್ವಾಸಕೋಶಕ್ಕೆ ಹೋಗಿಲ್ಲ." ಆಮೇಲೆ ಅಂದರು: "ನಾನು ಹೇಳೋವರೆಗೆ ಆ ಮನೆ ಕಡೆ ಹೋಗಬೇಡಿ." ಇಟ್ಟುಬಿಟ್ಟರು.

ಯಾಕೆ ಹಾಗೆಂದರು ಎನ್ನುವುದು ಹತ್ತು ದಿನದಲ್ಲಿ ಗೊತ್ತಾಯಿತು. ಯಜಮಾನರು ಆಸ್ಪತ್ರೆಯಿಂದ ಬಂದು ಡೈರಿಯಲ್ಲಿ, ಪೇಟೆಯ ಗೊಬ್ಬರದ ಅಂಗಡಿಯಲ್ಲಿ, ಸಿಕ್ಕವರಿಗೆಲ್ಲ ಹೇಳಿದ್ದರು: ಯೋಗದವಳು ಮೊದಲು ಕೈ ಕೆಡಿಸಿದಳು, ಆಮೇಲೆ ಕಾಲಲ್ಲಿ ರಕ್ತ ಹೆಪ್ಪುಗಟ್ಟಿಸಿದಳು. ಕಿಕ್ಕೇರಿಯಿಂದ ಬರುತ್ತಿದ್ದ ಮೂವರು ಒಟ್ಟಿಗೆ ನನ್ನ ತರಗತಿ ಬಿಟ್ಟರು. ಆಮೇಲೆ ಒಬ್ಬೊಬ್ಬರಾಗಿ. ಇಪ್ಪತ್ತು ಚಾಪೆ ಹಾಸುತ್ತಿದ್ದ ಹಾಲ್‌ನಲ್ಲಿ ಆರು ಚಾಪೆ ಉಳಿದವು. ಉಳಿದವರಲ್ಲಿ ನಿವೃತ್ತ ಮೇಷ್ಟ್ರಮ್ಮ ಒಬ್ಬರು ನೇರವಾಗಿಯೇ ಕೇಳಿದರು. "ನಿಜವೇನ್ರೀ? ನಿಮ್ಮ ಬಾಯಿಂದ ಹೇಳಿಬಿಡಿ, ನಾನು ನಾಲ್ಕು ಜನಕ್ಕೆ ಹೇಳ್ತೀನಿ."

ನೋಟ್‌ಬುಕ್ಕು ನನ್ನ ಚೀಲದಲ್ಲೇ ಇತ್ತು. ತಾರೀಖು, ಬಿ.ಪಿ., ಏನು ಮಾಡಿಸಿದೆ, ಅಂಗೈ ಎಷ್ಟು ಸಲ ಎದ್ದಿತು, ಎಲ್ಲವೂ. ತೆರೆದು ತೋರಿಸಿದರೆ ಮುಗಿಯುತ್ತಿತ್ತು. ಆದರೆ ಅದರಲ್ಲಿದ್ದದ್ದು ಡೈರಿ ಅಕ್ಕನ ಮೈ. ಅವರ ನೋವು, ಅವರ ಜ್ವರ, ಅವರ ಬೈಗುಳ. ಅವರನ್ನು ಕೇಳದೆ ಒಮ್ಮೆ ಅವರ ಕೈ ಎತ್ತಿದ್ದೆ. ಈಗ ನನ್ನ ಹೆಸರು ಉಳಿಸಿಕೊಳ್ಳಲು ಅವರನ್ನು ಕೇಳದೆ ಇದನ್ನು ಪೇಟೆಯಲ್ಲಿ ಹರಡುವುದೇ?

"ಆ ಮನೆಯ ವಿಷಯ ನಾನು ಮಾತಾಡೋ ಹಾಗಿಲ್ಲ," ಎಂದೆ. ಮೇಷ್ಟ್ರಮ್ಮ ಅದನ್ನು ಒಪ್ಪಿಗೆ ಎಂದೇ ತಿಳಿದರು ಎಂದು ಅವರ ಮುಖದಲ್ಲಿ ಕಂಡಿತು.

ಆ ದಿನಗಳಲ್ಲಿ ಯಜಮಾನರನ್ನು ನಾನು ದ್ವೇಷಿಸಿದೆ. ದೊಡ್ಡ ಮನಸ್ಸಿನವಳ ಹಾಗೆ ಬರೆಯಲು ಆಸೆಯಿದೆ, ಆದರೆ ನಿಜ ಅದಲ್ಲ. ಬಸ್ಸಿನಲ್ಲಿ ಶೀಳನೆರೆಯ ಬೋರ್ಡು ಕಂಡರೆ ಮುಖ ತಿರುಗಿಸುತ್ತಿದ್ದೆ. ಅವರಿಗೆ ಹೆದರಿಕೆಯಾಗಿತ್ತು, ಹೆಂಡತಿಯ ಕಾಲನ್ನು ತಮ್ಮ ಅಕ್ಕನೇ ತಿಕ್ಕಿದ್ದಳು ಎನ್ನುವುದನ್ನು ಹೊರುವುದಕ್ಕಿಂತ ನನ್ನ ಮೇಲೆ ಹೊರಿಸುವುದು ಸುಲಭವಾಗಿತ್ತು ಎಂದು ಬುದ್ಧಿಗೆ ತಿಳಿಯುತ್ತಿತ್ತು. ಬುದ್ಧಿಗೆ ತಿಳಿದದ್ದು ಹೊಟ್ಟೆಗೆ ಇಳಿಯುತ್ತಿರಲಿಲ್ಲ.

ಎರಡೂವರೆ ತಿಂಗಳು ಕಳೆದ ಮೇಲೆ ಫಿಸಿಯೋ ಫೋನ್ ಮಾಡಿದರು. "ಅವರು ಕೋಲು ಹಿಡಿದು ನಡೀತಿದಾರೆ. ಮಾತಿನ ಥೆರಪಿಗೂ ಮೈಸೂರಿಗೆ ಹೋಗಿ ಬರ್ತಿದಾರೆ. ನಿಮ್ಮ ಹಾಲ್‌ಗೆ ಬಂದು ಕುರ್ಚಿ ಮೇಲೆ ಕೂತು ಮಾಡಬಹುದು ಅಂತ ಡಾಕ್ಟ್ರು ಬರೆದುಕೊಟ್ಟಿದಾರೆ. ತಗೋತೀರಾ?"

"ಅವರನ್ನ ಕೇಳಿದ್ರಾ?"

"ಅವರೇ ನನ್ನನ್ನ ಕೇಳಿದ್ದು," ಎಂದರು ಫಿಸಿಯೋ. ಅವರ ದನಿ ಮೊದಲ ಸಲ ಮೆತ್ತಗಿತ್ತು.

ಬುಧವಾರ ಬೆಳಿಗ್ಗೆ ಆಟೋ ಬಂದು ಹಾಲ್‌ನ ಮುಂದೆ ನಿಂತಿತು. ಮೊದಲು ಯಜಮಾನರು ಇಳಿದರು. ಆಮೇಲೆ ನಾಲ್ಕು ಕಾಲಿನ ಕೋಲು ಊರಿ ಡೈರಿ ಅಕ್ಕ. ಬಲಗಾಲನ್ನು ಸ್ವಲ್ಪ ಹೊರಕ್ಕೆ ಬೀಸಿ ಬೀಸಿ, ಯಾರ ಕೈಯನ್ನೂ ಹಿಡಿಯದೆ ಬಂದರು. ನಾನು ಗೋಡೆಗೆ ಆನಿಸಿ ಕುರ್ಚಿ ಇಟ್ಟಿದ್ದೆ, ತೋಳಿಲ್ಲದ, ಅಲ್ಲಾಡದ ಕುರ್ಚಿ. ಉಳಿದ ಆರು ಜನ ಚಾಪೆಯ ಮೇಲೆ ಕುಳಿತು ಅವರನ್ನೇ ನೋಡುತ್ತಿದ್ದರು.

ಯಜಮಾನರು ಬಾಗಿಲಲ್ಲೇ ನಿಂತು ಆ ಆರು ಜನಕ್ಕೆ ಹೇಳಿದರು. "ಇವ್ಳು ಅಟ ಮಾಡುದ್ಲು ಅಂತ ಕರ್ಕಂಬಂದೆ. ಇಲ್ದಿದ್ರೆ ಕೈ ಕಾಲು ಎರಡೂ ಕೆಡ್ಸಿದೋಳ ತಾವ್ಕೆ ಯಾರ್ ಬತ್ತಾರೆ?"

ಡೈರಿ ಅಕ್ಕ ಕುರ್ಚಿಯ ಹತ್ತಿರ ಬಂದಿದ್ದರು. ಕೂರಲಿಲ್ಲ. ಕೋಲನ್ನು ಗಟ್ಟಿಯಾಗಿ ಊರಿಕೊಂಡು ತಿರುಗಿ ನಿಂತರು. ಅವರ ಬಾಯಿ ಏನನ್ನೋ ಹುಡುಕುತ್ತಿತ್ತು. ಬೈಗುಳ ಬರುತ್ತದೆ ಎಂದು ನಾನು ಕಾದೆ. ಮೇಷ್ಟ್ರಮ್ಮ ಮುಂದಕ್ಕೆ ಬಾಗಿದರು. ಯಾರೂ ಮಾತು ಪೂರ್ತಿ ಮಾಡಿಕೊಡಲು ಹೋಗಲಿಲ್ಲ, ಸದ್ಯ.

"ಕೈ..." ಎಂದರು. ನಿಂತರು. ಗಂಡನ ಮುಖದಿಂದ ಕಣ್ಣು ತೆಗೆಯಲಿಲ್ಲ. "ಕೈ... ಇವ್ಳು."

ಯಜಮಾನರು ತಲೆಯಾಡಿಸಿ ಜನರ ಕಡೆ ನೋಡಿದರು, ನೋಡಿದಿರಾ ಎನ್ನುವ ಹಾಗೆ.

"ಕಾಲು..." ಈ ಸಲ ಇನ್ನೂ ತಡವಾಯಿತು. ಹಣೆಯಲ್ಲಿ ಬೆವರು ಕಂಡಿತು. "ಕಾಲು... ಇವ್ಳಲ್ಲ."

ಯಜಮಾನರು ಜನರ ಮೇಲಿಂದ ಕಣ್ಣು ತೆಗೆದು ಹೆಂಡತಿಯ ಕಾಲನ್ನು ನೋಡಿದರು. ಡೈರಿ ಅಕ್ಕ ಕುರ್ಚಿಯಲ್ಲಿ ಕುಳಿತು, ಎಡಗೈಯಿಂದ ಬಲಗೈಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು, ನನ್ನ ಕಡೆ ತಿರುಗಿದರು. ಈಗ ನನ್ನ ಸರದಿ ಎಂದು ಅವರ ಕಣ್ಣು ಹೇಳುತ್ತಿತ್ತು.

"ಹೌದು," ಎಂದೆ, ಎಲ್ಲರಿಗೂ ಕೇಳುವ ಹಾಗೆ. "ಕೈ ನಾನೇ."